ನೀರು ಕುಡಿದ ಜೀಪು

ಡೀಸೆಲ್ ಎಂಜಿನ್ ತನ್ನ ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಹಿಂಡುತ್ತದೆ. ಗಾಳಿ ಬಡಪಾಯಿ, ಒತ್ತಿದಷ್ಟೂ ಮುದುಡಿಕೊಳ್ಳುತ್ತದೆ. ನೀರು ಹಟಮಾರಿ, ಜಪ್ಪಯ್ಯ ಅಂದರೂ ಕುಗ್ಗುವುದಿಲ್ಲ. ಅದು ಸಿಲಿಂಡರಿಗೆ ಹೊಕ್ಕರೆ, ಏರಿ ಬಂದ ಪಿಸ್ಟನ್ನಿಗೂ ಅದಕ್ಕೂ ನಡೆಯುವ ಜಗಳದಲ್ಲಿ ಸೊಂಟ ಬಾಗಿಸಿಕೊಳ್ಳುವುದು ಕೆಳಗಿರುವ ಕನೆಕ್ಟಿಂಗ್ ರಾಡ್.

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕೆಸರುದಾರಿಗೆ ಇಳಿಯುವ ಜೀಪುಗಳು ನೀರು ಕುಡಿಯುವುದು ಗಾಳಿ ಎಳೆಯುವ ಕೊಳವೆಯಿಂದಲೇ. 2020ರ ಥಾರ್ ಜೀಪು 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎನ್ನುತ್ತದೆ ಅದನ್ನು ತಯಾರಿಸಿದ ಕಂಪನಿ. ಅದು ನಿಧಾನವಾಗಿ ಸಾಗುವ ಗಾಡಿಯ ಲೆಕ್ಕ. ಗೆಳೆಯ ಮೊಬೈಲ್ ಹಿಡಿದು ನಿಂತಿದ್ದಾನೆಂದು ರಭಸದಿಂದ ನುಗ್ಗಿದರೆ ಅಲೆ ಬಾನೆಟ್ಟಿನ ಮೇಲೇ ಹಾಯುತ್ತದೆ. ಅದೇನು ಕಂಪನಿಯ ಪುಸ್ತಕ ಓದಿ ಬಂದಿರುವುದಿಲ್ಲ.

ನೀರಲ್ಲಿ ಗಾಡಿ ನಿಂತ ಮೇಲೆ ಮಾಡಲೇಬಾರದ ಕೆಲಸವೆಂದರೆ ಮತ್ತೆ ಕೀಲಿ ತಿರುಗಿಸುವುದು. ಎಲ್ಲರೂ ಮೊದಲು ಮಾಡುವುದು ಅದನ್ನೇ. ಗಾಡಿಯನ್ನು ದಡಕ್ಕೆ ಎಳೆಸಿ, ಬ್ಯಾಟರಿಯ ತಂತಿ ಕಳಚಿ, ಏರ್ ಫಿಲ್ಟರ್ ನೋಡಬೇಕು. ತೊಯ್ದಿದ್ದರೆ ಡೀಸೆಲ್ ಗಾಡಿಯಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್, ಪೆಟ್ರೋಲಿನದರಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ಸುತ್ತಿಸಿದರೆ ನೀರು ಚಿಮ್ಮಿ ಹೊರಬರುತ್ತದೆ. ಡಿಪ್‌ಸ್ಟಿಕ್ಕಿಗೆ ಹಾಲು ಬೆರೆಸಿದ ಕಾಫಿಯಂಥದ್ದು ಅಂಟಿದ್ದರೆ ಆಯಿಲಿಗೂ ನೀರು ಸೇರಿದೆ ಎಂದರ್ಥ. ಕಾಫಿ ಸೀಮೆಯಾದರೂ ಖುಷಿಪಡುವಂತಿಲ್ಲ.

ಕೆಸರಿನದು ಬೇರೆಯದೇ ಪುರಾಣ. ರೇಡಿಯೇಟರಿನ ಸಂದುಗಳಲ್ಲಿ ಒಣಗಿ ಕೂತು, ಮುಂದೆಂದೋ ಹೆದ್ದಾರಿಯಲ್ಲಿ ಎಂಜಿನ್ ಕುದಿಸುತ್ತದೆ.

ಉಳಿದದ್ದು ವಿಮೆ. ಎಂಜಿನ್ ರಕ್ಷಣೆಗೆಂದು ಹೆಚ್ಚುವರಿ ಕಂತು ಕಟ್ಟದವರಿಗೆ ಈ ರಿಪೇರಿಯ ದುಡ್ಡು ಸಾಮಾನ್ಯವಾಗಿ ಸಿಗುವುದಿಲ್ಲ. ಕಟ್ಟಿದವರೂ ನೀರಲ್ಲೇ ಕೀಲಿ ತಿರುಗಿಸಿದ್ದರೆ ತಕರಾರು ಎದುರಿಸಬೇಕಾದೀತು.