ಗುಣ ಸಂಧಿ, ಸಕ್ಕರೆ ಕಮ್ಮಿ

ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದೆಯೇ ಡಿಜಿಟಲ್ ಪರೀಕ್ಷೆ ನಡೆಸಬಹುದು ಎಂದು ತರಬೇತಿಯಲ್ಲಿ ಕೇಳಿದ ಮೇಲೆ ನನ್ನನ್ನು ಹಿಡಿಯುವವರಿಲ್ಲ. 2017ರಲ್ಲಿ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾ ಬಂತು, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡೂ ಬಂತು. ನಮ್ಮ ಸರ್ಕಾರಿ ಪ್ರೌಢಶಾಲೆಗೆ ನೆಟ್‌ವರ್ಕ್ ಮಾತ್ರ ಸರಿಯಾಗಿ ಬರಲಿಲ್ಲ. ಗಿರಗಿರ ತಿರುಗುವ ಚಕ್ರವನ್ನೇ ಇಡೀ ಪೀರಿಯಡ್ ಮಕ್ಕಳಿಗೆ ತೋರಿಸಿದ ಕೀರ್ತಿ ನನ್ನದು. ಆದರೆ ಪ್ಲಿಕರ್ಸ್ ಎಂಬ ಆ್ಯಪ್ ಹಾಗಲ್ಲ ಅಂದರು. ಪ್ರತಿ ಮಗುವಿಗೂ ಒಂದೊಂದು ನಂಬರಿನ ಕಾಗದದ ಕಾರ್ಡು. ನಡುವೆ ಕಪ್ಪು ಚೌಕಗಳ ಚಿತ್ರ, ನಾಲ್ಕು ಬದಿಗೆ ಇರುವೆಯಷ್ಟು ಸಣ್ಣ ಎ, ಬಿ, ಸಿ, ಡಿ. ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ಎತ್ತಿ ಹಿಡಿದರೆ ಸಾಕು, ಮೇಷ್ಟ್ರ ಫೋನು ದೂರದಿಂದಲೇ ಓದಿ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತದೆ.

ಕಾರ್ಡು ಬಾಳಿಕೆ ಬರಲಿ ಎಂದು ಕೈಯಿಂದ ದುಡ್ಡು ಹಾಕಿ, ಪಳಪಳ ಹೊಳೆಯುವ ಲ್ಯಾಮಿನೇಷನ್ನೇ ಬೇಕೆಂದು ಹಟ ಹಿಡಿದು ಮಾಡಿಸಿದೆ. ಹೊಳಪಿದ್ದರೆ ಬೆಳಕು ಹೊಡೆದು ಕ್ಯಾಮೆರಾ ಕುರುಡಾಗುತ್ತದೆ ಎಂಬ ಜ್ಞಾನ ಬರುವಷ್ಟರಲ್ಲಿ ಬಿಲ್ ಆಗಿತ್ತು.

ಪ್ರಶ್ನೆಗಳೇನೋ ಇದ್ದವು, ಆದರೆ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ. ಫೋನಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿ ಯಾವುದೋ ಯಂತ್ರ-ಮಂತ್ರದಂತೆ ಕಂಡವು. ಸರಿ, ಫೋನಿಗೆ ಬಾಯಲ್ಲೇ ಹೇಳಿ ಬರೆಸೋಣ ಎಂದು ಸ್ಟಾಫ್ ರೂಮಿನಲ್ಲಿ ಕೂತೆ. ಅಷ್ಟರಲ್ಲಿ ಬಿಸಿಯೂಟದ ಅಕ್ಕ ಟೀ ತಂದರು. ಬರೆದದ್ದನ್ನು ಇನ್ನೊಮ್ಮೆ ಓದುವ ಅಭ್ಯಾಸ ಮಾಡಿ ಎಂದು ಮಕ್ಕಳಿಗೆ ದಿನಾ ಹೇಳುವವನು ನಾನೇ.

ಪ್ರೊಜೆಕ್ಟರ್ ಹಾಕಿದಾಗ ಗೋಡೆ ಮೇಲೆ ಬಂದದ್ದು ಹೀಗೆ: ‘ಮಳೆಗಾಲ’ ಯಾವ ಸಂಧಿ? ಎ. ಲೋಪ ಸಂಧಿ. ಬಿ. ಆಗಮ ಸಂಧಿ. ಸಿ. ಆ ದೇಶ ಸಂಧಿ. ಡಿ. ಗುಣ ಸಂಧಿ ಸಕ್ಕರೆ ಕಮ್ಮಿ ಹಾಕಕ್ಕ.

“ಯಾವ ದೇಶ ಸಾರ್?” ಎಂದಳು ಮುಂದಿನ ಬೆಂಚಿನವಳು. ಉಳಿದವರು ಅನುಮಾನವೇ ಇಲ್ಲದೆ ಡಿ ಎತ್ತಿದರು. ಅಷ್ಟು ಉದ್ದದ ಉತ್ತರ ಸುಳ್ಳಿರಲಾರದು ಎಂಬುದು ಅವರ ಲೆಕ್ಕ. ಕಿಟಕಿ ಪಕ್ಕದ ಸಾಲು ಫೋನಿಗೆ ಕಾಣಿಸಲೇ ಇಲ್ಲ. ನಾನು ಬಗ್ಗಿ, ಕೂತು, ಕೊನೆಗೆ ಕುರ್ಚಿ ಹತ್ತಿ ಕ್ಯಾಮೆರಾ ಆಡಿಸುತ್ತಿದ್ದಾಗಲೇ ಹೆಡ್‌ಮಾಸ್ಟ್ರು ಒಳಗೆ ಬರಬೇಕೆ?

ಗೋಡೆ ಮೇಲೆ ಮೂಡಿದ ಫಲಿತಾಂಶ ನೋಡಿ ಅವರಿಗೆ ಸಂತೋಷವಾಯಿತು. “ಒಬ್ಬನಾದರೂ ಸರಿ ಹೇಳಿದ್ದಾನಲ್ರೀ! ಎಲ್ಲಪ್ಪ, ಎದ್ದು ನಿಲ್ಲು.”

ಯಾರೂ ಏಳಲಿಲ್ಲ.

“ಅವ್ನು ಅಕ್ಕನ ಮದ್ವೆಗೆ ಹೋಗವ್ನೆ ಸಾರ್,” ಎಂದಿತು ಕೊನೇ ಬೆಂಚು. ಆ ಬೆಂಚಿನ ಒಬ್ಬನ ಎರಡೂ ಕೈ ಮೇಲಿತ್ತು, ಎರಡರಲ್ಲೂ ಕಾರ್ಡು. ತನ್ನ ಕಾರ್ಡಿನಲ್ಲಿ ಡಿ, ಗೆಳೆಯನದರಲ್ಲಿ ಸಿ. ಯಾಕೋ ಹೀಗೆ ಮಾಡಿದೆ ಎಂದರೆ, “ಎರಡ್ರಲ್ಲಿ ಒಂದಾದ್ರೂ ಸರಿ ಇರ್ಲಿ ಅಂತ ಸಾರ್.” ಹೆಡ್‌ಮಾಸ್ಟ್ರು ನನ್ನನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿ ಹೊರಟುಹೋದರು. ಹಾಜರಿ ಪುಸ್ತಕದಲ್ಲಿ ಗೈರು, ಫೋನಿನಲ್ಲಿ ತರಗತಿಗೇ ಮೊದಲಿಗ!

ಮರುದಿನ ಮದುವೆ ಮುಗಿಸಿ ಬಂದ ಹುಡುಗ ಸೀದಾ ನನ್ನ ಮೇಜಿನ ಹತ್ತಿರ ಬಂದ. “ಸಾರ್, ನಿನ್ನೆ ನಂಗೆ ಎಷ್ಟು ಬಂತು?”

ಫೋನಿನಲ್ಲಿದ್ದದ್ದನ್ನೇ ಹೇಳಿದೆ.

“ಹಂಗಾದ್ರೆ ನಾಳೆ ಬೀಗರೂಟಕ್ಕೂ ಹೋಗ್ಲಾ ಸಾರ್?”