ನನ್ನನ್ನು ಮಡಚಬೇಡಿ

ಮೇ ತಿಂಗಳ ಮೊದಲ ಭಾನುವಾರ. ಗೇಟು ಒಂದೂವರೆಗೇ ಮುಚ್ಚಿತು. ಒಳಗೆ ಮಕ್ಕಳು, ಹೊರಗೆ ಹೊಂಗೆಮರದ ಕೆಳಗೆ ನಾವು. ಪಕ್ಕದಲ್ಲಿ ಕೂತಿದ್ದ ತಾಯಿ ಮಗಳ ಓಲೆ, ಮೂಗುಬೊಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಎರಡು ನಿಮಿಷಕ್ಕೊಮ್ಮೆ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದರು. ತುಂಬುತೋಳಿನ ಅಂಗಿ ಹಾಕಿಕೊಂಡು ಬಂದ ಒಬ್ಬ ಹುಡುಗನ ತೋಳುಗಳನ್ನು ಅವನ ಅಪ್ಪ ಎದುರಿನ ಟೈಲರ್ ಹತ್ತಿರ ಕತ್ತರಿ ಇಸಕೊಂಡು ಅಲ್ಲೇ ಕತ್ತರಿಸಿದ್ದರು. ಆ ಎರಡು ತೋಳೂ ಇನ್ನೂ ಅವರ ಕೈಯಲ್ಲೇ ಇದ್ದವು.

ಐದು ಗಂಟೆಯವರೆಗೆ ಮಾಡಲು ಕೆಲಸವಿಲ್ಲ. ನನ್ನ ಹತ್ತಿರ ಹಾಲ್ ಟಿಕೆಟ್ ಇಲ್ಲ ನಿಜ, ಆದರೆ ಕಲ್ಪನೆಗೆ ಯಾರೂ ಮೆಟಲ್ ಡಿಟೆಕ್ಟರ್ ಹಿಡಿಯುವುದಿಲ್ಲವಲ್ಲ. ಒಳಗೆ ನುಗ್ಗಿ ನೀಟ್ ಪರೀಕ್ಷೆಯ ಓಎಂಆರ್ ಹಾಳೆಯನ್ನೇ ಮಾತಾಡಿಸಿಬಿಟ್ಟೆ.

ನಮಸ್ಕಾರ. ನಿಮ್ಮ ಪರಿಚಯ?

ಹಾಳೆ: ದೂರ ನಿಂತು ಮಾತಾಡಿ. ಬೆವರು ತಾಗಬಾರದು, ಮಡಚಬಾರದು, ಗೀಚಬಾರದು. ನಿಮ್ಮಜ್ಜಿ ಮಡಿ ಉಟ್ಟಾಗ ಹೇಗೋ ಹಾಗೆ ಅಂದುಕೊಳ್ಳಿ. ನನಗೆ ಮೈತುಂಬ ಸೊನ್ನೆ. 180 ಪ್ರಶ್ನೆಗೆ ನಾಲ್ಕು ನಾಲ್ಕರಂತೆ ಉತ್ತರದ ಸೊನ್ನೆಗಳೇ 720. ಒಟ್ಟು ಅಂಕವೂ 720. ಸೊನ್ನೆಗಳಿಂದಲೇ ಇಷ್ಟು ಬೆಲೆ ಬಂದಿರುವುದು ನನಗೆ ಮತ್ತು ಮ್ಯಾನೇಜ್‌ಮೆಂಟ್ ಸೀಟಿಗೆ ಬರೆಯುವ ಚೆಕ್ಕಿಗೆ ಮಾತ್ರ.

ಡಾಕ್ಟರಾಗುವವರಲ್ಲಿ ನೀವು ಏನು ನೋಡುತ್ತೀರಿ?

ಹಾಳೆ: ಸೊನ್ನೆ ಪೂರ್ತಿ ತುಂಬಿದ್ದಾರೋ, ಗೆರೆ ದಾಟಿದ್ದಾರೋ ಅಂತ. ಅಂಗನವಾಡಿಯಲ್ಲಿ ಬಣ್ಣ ತುಂಬಿಸುವಾಗ ಹೇಳಿಕೊಟ್ಟಿದ್ದೂ ಅಷ್ಟೇ ತಾನೆ? ಜೀವಶಾಸ್ತ್ರ 90 ಪ್ರಶ್ನೆ, ಭೌತಶಾಸ್ತ್ರ 45, ರಸಾಯನಶಾಸ್ತ್ರ 45.

ಮತ್ತೆ ರೋಗಿ?

ಹಾಳೆ: ಅದು ಯಾವ ಚಾಪ್ಟರು? ಎನ್‌ಸಿಇಆರ್‌ಟಿಯಲ್ಲಿ ನೋಡಿದ ನೆನಪಿಲ್ಲ.

180 ಪ್ರಶ್ನೆಗೆ 180 ನಿಮಿಷ. ಸ್ವಲ್ಪ ಅವಸರ ಆಗಲಿಲ್ಲವೇ?

ಹಾಳೆ: ಸರ್ಕಾರಿ ಆಸ್ಪತ್ರೆಯ ಒಪಿಡಿ ಮುಂದೆ ಚೀಟಿ ಹಿಡಿದು ನಿಂತವರ ಸಾಲು ನೋಡಿದ್ದೀರಾ? ಅಲ್ಲೂ ತಲೆಗೊಂದು ನಿಮಿಷ. ಅಭ್ಯಾಸ ಇಲ್ಲಿಂದಲೇ ಆಗಲಿ ಅಂತ.

ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತೀರಿ. ಮಕ್ಕಳು ಹೆದರುತ್ತಾರೆ.

ಹಾಳೆ: ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರೆ ಏನೂ ಕಳೆಯುವುದಿಲ್ಲ. ನನ್ನಲ್ಲಿರುವ ಒಂದೇ ಒಳ್ಳೆಯ ಗುಣ ಅದು. ಡಾಕ್ಟರಾದ ಮೇಲೆ ಅದನ್ನು ನೆನಪಿಟ್ಟುಕೊಳ್ಳುವವರು ಕಡಿಮೆ.

(ಇದನ್ನು ನಾನು ಬರೆದುಕೊಂಡೆ. ಉಳಿದದ್ದು ಹಾಳೆಯ ಜಂಬ.)

2024ರಲ್ಲಿ ಪ್ರಶ್ನೆಪತ್ರಿಕೆ ಸೋರಿತಲ್ಲ?

ಹಾಳೆ: ಅದು ಪ್ರಶ್ನೆಪತ್ರಿಕೆಯ ಚಾಳಿ. ಖಾಲಿ ಸೊನ್ನೆ ಇಟ್ಟುಕೊಂಡವಳಲ್ಲಿ ಸೋರುವುದಕ್ಕೆ ಏನಿದೆ? ನನಗೆ ಅವಮಾನವಾಗಿದ್ದು ಬೇರೆ ಕಾರಣಕ್ಕೆ. ಫಲಿತಾಂಶದಲ್ಲಿ 718, 719 ಅಂತ ಬಂತು. ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಾದರೆ 715. ನನ್ನ ಮೇಲೆ ಹೇಗೆ ತುಂಬಿದರೂ 719 ಬರುವುದಿಲ್ಲ. ಹೊತ್ತು ಹಾಳಾಯಿತೆಂದು 1,563 ಮಕ್ಕಳಿಗೆ ಕೃಪಾಂಕ ಕೊಟ್ಟಿದ್ದರು. ಮಾತು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ವಾಪಸ್ ತಗೊಂಡರು.

ಎಷ್ಟು ಅಂಕ ಬಂದರೆ ಪಾಸು?

ಹಾಳೆ: 2025ರಲ್ಲಿ ಸಾಮಾನ್ಯ ವರ್ಗಕ್ಕೆ 720ಕ್ಕೆ 144.

ಅಂದರೆ ನೂರಕ್ಕೆ ಇಪ್ಪತ್ತು! ಎಸ್ಸೆಸ್ಸೆಲ್ಸಿಯಲ್ಲಾದರೆ ಫೇಲು.

ಹಾಳೆ: ಫೇಲ್ ಅನ್ನಬೇಡಿ, ‘ಅರ್ಹ’ ಅನ್ನಿ. ಆ ವರ್ಷ 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರು, ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಇದೇನು ಮಹಾ, 2023ರಲ್ಲಿ ಪಿಜಿ ನೀಟ್ ಕಟ್ ಆಫ್ ಅನ್ನು ಶೂನ್ಯ ಪರ್ಸೆಂಟೈಲಿಗೇ ಇಳಿಸಿದರು. ಆ ಪರೀಕ್ಷೆ ಕಂಪ್ಯೂಟರಿನದು, ನನಗೆ ಸಂಬಂಧವಿಲ್ಲ. ಆದರೂ ಸೊನ್ನೆಗೆ ಸಿಕ್ಕ ಮರ್ಯಾದೆ ನೋಡಿ ಹೆಮ್ಮೆಯಾಯಿತು.

ಹಾಗಾದರೆ ಸೀಟು ಯಾರಿಗೆ ಅಂತ ತೀರ್ಮಾನ ಮಾಡುವುದು ನೀವಲ್ಲ?

ಹಾಳೆ: ಅರ್ಧ ನಾನು. ಉಳಿದರ್ಧ ನೋಡಬೇಕೆಂದರೆ ಕೆಇಎ ಆಪ್ಷನ್ ಎಂಟ್ರಿ ದಿನ ಯಾವುದಾದರೂ ಸೈಬರ್ ಸೆಂಟರಿಗೆ ಹೋಗಿ. ಅಪ್ಪ, ಮಗಳು ಒಂದೇ ಸ್ಟೂಲಿನಲ್ಲಿ ಕೂತಿರುತ್ತಾರೆ. ಮಗಳು ಮೊದಲು ಸರ್ಕಾರಿ ಕಾಲೇಜು ಹಾಕುತ್ತಾಳೆ: ಮೈಸೂರು, ಹುಬ್ಬಳ್ಳಿ, ಬಳ್ಳಾರಿ. ಆಮೇಲೆ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ. ಅಲ್ಲಿಯವರೆಗೂ ಮೌಸ್ ಅವಳ ಕೈಯಲ್ಲಿರುತ್ತದೆ. ಖಾಸಗಿ ಕೋಟಾ ಬಂತು ಅಂದ ಕೂಡಲೇ ಅಪ್ಪ ಕನ್ನಡಕ ಹಾಕಿಕೊಂಡು ಮೌಸ್ ಇಸಕೊಳ್ಳುತ್ತಾನೆ. ಶುಲ್ಕದ ಕಾಲಂ ಅವನ ಪ್ರಶ್ನೆಪತ್ರಿಕೆ. ಅದರ ನೆಗೆಟಿವ್ ಮಾರ್ಕು ಕಳೆಯುವುದು ಪಹಣಿಯಲ್ಲಿ. ನನ್ನ ಮೇಲೆ 144 ತುಂಬಿದವನ ಅಪ್ಪ ಆ ಕಾಲಂ ಸಲೀಸಾಗಿ ದಾಟಿಬಿಡುತ್ತಾನೆ. ಅದಕ್ಕಿಂತ ಎಷ್ಟೋ ಹೆಚ್ಚು ತೆಗೆದವಳ ಅಪ್ಪ ಅಲ್ಲೇ ನಿಂತುಬಿಡುತ್ತಾನೆ.

ಸೀಟು ಸಿಗದವರು?

ಹಾಳೆ: ಲಾಂಗ್ ಟರ್ಮು. ಇನ್ನೊಂದು ವರ್ಷ, ಮತ್ತೊಂದು ವರ್ಷ. ಕೆಲವರು ವಿಮಾನ ಹತ್ತುತ್ತಾರೆ.

ಹಾವೇರಿ ಜಿಲ್ಲೆಯ ಹುಡುಗನೊಬ್ಬ ಉಕ್ರೇನಿಗೆ ಹೋಗಿದ್ದ.

ಹಾಳೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿತು: ಪಿಯುಸಿಯಲ್ಲಿ ಶೇ 97 ತೆಗೆದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವರಪ್ಪ ಹೇಳಿದ್ದರು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕಿ ಸತ್ತ. ಮಾರ್ಚ್ 21ಕ್ಕೆ ದೇಹ ಊರಿಗೆ ಬಂತು. ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಇದನ್ನು ನಿಮ್ಮ ತಮಾಷೆಗೆ ಸೇರಿಸಬೇಡಿ.

ಸೇರಿಸಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಇಟ್ಟಿದ್ದೇನೆ.

ಐದಕ್ಕೆ ಗೇಟು ತೆಗೆದರು. ಪಕ್ಕದ ತಾಯಿ ಮೊದಲು ಸೆರಗಿನ ಗಂಟು ಬಿಚ್ಚಿ ಮಗಳಿಗೆ ಓಲೆ ಹಾಕಿದರು. ಹುಡುಗಿ ಕಿವಿ ಕೊಟ್ಟು ನಿಂತೇ, ಫಿಸಿಕ್ಸ್ ಕಷ್ಟ ಇತ್ತಮ್ಮ ಅಂದಳು. ಆ ಹುಡುಗ ತನ್ನದೇ ಅಂಗಿಯ ಕತ್ತರಿಸಿದ ತೋಳು ತಗೊಂಡು ಮುಖ ಒರೆಸಿಕೊಂಡ. ಗೇಟಿನ ಎರಡೂ ಬದಿಗೆ ಕೋಚಿಂಗ್ ಸೆಂಟರಿನವರು ನಿಂತು ಪಾಂಪ್ಲೆಟ್ ಹಂಚುತ್ತಿದ್ದರು: ಮುಂದಿನ ವರ್ಷದ ಲಾಂಗ್ ಟರ್ಮ್ ಬ್ಯಾಚು, ಪ್ರವೇಶ ಆರಂಭ. ಹುಡುಗನ ಅಪ್ಪ ಒಂದು ಇಸಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.