340 ಗ್ರಾಂ ಗರ್ವ

ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಗೆದ್ದುಬಿಟ್ಟರು. ಅವರ ಪಾಡಿಗೆ ಅವರು ಗೆದ್ದರು, ಏಟು ಬಿದ್ದದ್ದು ನನಗೆ. ನನಗಾಗ 46. ಮೂರೇ ವರ್ಷದ ವ್ಯತ್ಯಾಸ! ಉಳಿದ ವ್ಯತ್ಯಾಸಗಳು ಆ ಹೊತ್ತಿಗೆ ಹೊಳೆಯಲಿಲ್ಲ. ಮರುದಿನವೇ ಬ್ಯಾಟು ಕೊಳ್ಳಲು ಹೊರಟೆ.

ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಟ ಹೊಟ್ಟೆಯ ಹತ್ತಿರ ಸ್ವಲ್ಪ ತಂಗಿತು. "ಸರ್, ಬಿಗಿನರ್ರೋ, ಇಂಟರ್‌ಮೀಡಿಯೆಟ್ಟೋ?"

"ಡಿಗ್ರಿನೇ ಆಗಿ ಇಪ್ಪತ್ತೈದು ವರ್ಷ ಆಯ್ತಪ್ಪಾ."

ಅವನು ನಗಲಿಲ್ಲ. "ಕೈ ಕೊಡಿ ಸರ್" ಎಂದು ಅಂಗೈ ಬಿಡಿಸಿದ. ಆಯುಷ್ಯರೇಖೆ ನೋಡಿಯೇ ಸಾಮಾನು ಕೊಡುತ್ತಾರೇನೋ ಅಂದುಕೊಂಡೆ. ಅದಲ್ಲವಂತೆ. ಹಿಡಿಯ ದಪ್ಪದ ಲೆಕ್ಕವಂತೆ. ಬ್ಯಾಟು ಹಿಡಿದಾಗ ಉಂಗುರಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂರಬೇಕು.

ಆಮೇಲೆ 270 ಗ್ರಾಂ ತೂಕದ, 107 ಚದರ ಇಂಚು ತಲೆಯ ಬ್ಯಾಟೊಂದನ್ನು ಮುಂದಿಟ್ಟ. "ತಲೆ ದೊಡ್ಡದು ಸರ್, ಚೆಂಡು ಸ್ವಲ್ಪ ಆಚೀಚೆ ಬಿದ್ರೂ ಹೋಗುತ್ತೆ. ಕಲಿಯೋರಿಗೆ ಇದೇ ಸರಿ." ನನಗದು ರಾಗಿಹಿಟ್ಟಿನ ಜರಡಿಯ ಹಾಗೆ ಕಂಡಿತು. ನನ್ನ ಕಣ್ಣಿದ್ದದ್ದು ಗೋಡೆಯ ಮೇಲೆ. ಕಪ್ಪು ಬಣ್ಣ, 97 ಚದರ ಇಂಚಿನ ಪುಟ್ಟ ತಲೆ, ತಂತಿ ಹಾಕುವ ಮೊದಲೇ 340 ಗ್ರಾಂ ತೂಕ, ಮೇಲೆ ಫೆಡರರ್ ಸಹಿ.

"ಅದು ಆಡೋರಿಗೆ ಸರ್" ಅಂದ.

ಆ ಮಾತೊಂದನ್ನು ಅವನು ಆಡದಿದ್ದರೆ ಜರಡಿಯನ್ನೇ ತರುತ್ತಿದ್ದೆನೇನೋ. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯಲಾರೆ. ಹೆಂಡತಿ ಈ ಪತ್ರಿಕೆ ಓದುತ್ತಾಳೆ.

ಗಟ್ಟಿಂಗ್, ಅಂದರೆ ತಂತಿಯ ಬಿಗಿತ, ಎಷ್ಟಕ್ಕೆ ಎಂದು ಕೇಳಿದ. 50 ಪೌಂಡಿನಿಂದ 60ರವರೆಗೆ ಎಳೆಯಬಹುದಂತೆ. "60" ಅಂದೆ. ಹಗ್ಗದ ಮಂಚವಾಗಲಿ, ಮೃದಂಗವಾಗಲಿ, ಬಿಗಿ ಇದ್ದಷ್ಟೂ ಶ್ರೇಷ್ಠ ಎಂಬ ನಂಬಿಕೆ ನನ್ನದು. ತಂತಿ ಸ್ವಲ್ಪ ಸಡಿಲವಿದ್ದರೆ ಚೆಂಡನ್ನು ಅದೇ ಚಿಮ್ಮಿಸುತ್ತದೆ, ಬಿಗಿಯಾದರೆ ಆ ಕೆಲಸವೂ ತೋಳಿನ ತಲೆಗೇ ಬರುತ್ತದೆ ಎಂಬುದನ್ನು ಮುಂದೆ ತೋಳೇ ತಿಳಿಸಿತು.

ಕೋರ್ಟಿನಲ್ಲಿ ಕಲಿಯುವವರಿಗೆ ಎದುರಾಗಿ ಆಡುವ ಮಾರ್ಕರ್ ಹುಡುಗ ನನ್ನ ಬ್ಯಾಟು ನೋಡಿ "ನಮಸ್ಕಾರ ಸರ್" ಎಂದು ಬೇಸ್‌ಲೈನಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹತ್ತು ನಿಮಿಷದಲ್ಲಿ ನೆಟ್ ಹತ್ತಿರ ಬಂದಿದ್ದ. ನಾನು ಬೀಸಿ ಮುಗಿಸುವ ಹೊತ್ತಿಗೆ ಚೆಂಡು ನನ್ನ ಹಿಂದಿನ ಬೇಲಿಗೆ ಬಡಿದು ಕಾಲಬಳಿಗೆ ವಾಪಸು ಬರುತ್ತಿತ್ತು. ಅಪ್ಪಿತಪ್ಪಿ ಸಿಕ್ಕವು ಫ್ರೇಮಿಗೆ ಟಣ್ಣನೆ ತಾಗಿ ಪಕ್ಕದ ಕೋರ್ಟಿನವರ ಆಟ ಕೆಡಿಸುತ್ತಿದ್ದವು.

"ಅಂಕಲ್, ಭಾರದ ಬ್ಯಾಟು ಜೋರಾಗಿ ಬೀಸೋರಿಗೆ. ಫೆಡರರೇ 90 ಇಂಚಿನದ್ದು ಬಿಟ್ಟು ದೊಡ್ಡ ತಲೆಗೆ ಬಂದ್ರು. ನಿಮಗ್ಯಾಕೆ ಇದು?"

"ಸರ್" ಹೋಗಿ "ಅಂಕಲ್" ಬಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು.

ಮೂರನೇ ವಾರ ಕಾಫಿ ಲೋಟ ಎತ್ತಲಾಗಲಿಲ್ಲ. ಮೂಳೆ ಡಾಕ್ಟರು ಮೊಣಕೈಯ ಹೊರಬದಿ ಒತ್ತಿದರು, ನಾನು ಚೀರಿದೆ, ಅವರು ಚೀಟಿಯಲ್ಲಿ "ಟೆನಿಸ್ ಎಲ್ಬೋ" ಎಂದು ಬರೆದರು. ನೋವಿನಲ್ಲೂ ಎದೆ ಉಬ್ಬಿತು. ನನ್ನ ಹೆಸರಿನ ಕೆಳಗೆ ಟೆನಿಸ್ ಎಂದು ಬರೆದ ಮೊದಲ ದಾಖಲೆ ಅದು!

"ಆಟಗಾರರಿಗೆ ಇದೆಲ್ಲ ಇದ್ದದ್ದೇ ಅಲ್ವಾ ಡಾಕ್ಟ್ರೇ?"

"ಹೆಸರಷ್ಟೇ ರೀ ಹಾಗೆ. ಇದಕ್ಕೆ ಬರೋರಲ್ಲಿ ಹೆಚ್ಚಿನವರು ಬ್ಯಾಟೇ ಮುಟ್ಟಿರಲ್ಲ. ಬಡಗಿಗಳು, ಪೇಂಟರ್‌ಗಳು, ಬಟ್ಟೆ ಹಿಂಡೋರು."

"ಬಟ್ಟೆ ಹಿಂಡಿಯೇ ಬರಿಸ್ಕೋಬಹುದಿತ್ತು" ಎಂದಳು ಪಕ್ಕದಲ್ಲಿದ್ದ ಹೆಂಡತಿ. "ನನಗೂ ಸ್ವಲ್ಪ ಅನುಕೂಲ ಆಗ್ತಿತ್ತು."

ಈಗ ಜರಡಿಯಲ್ಲೇ ಆಡುತ್ತಿದ್ದೇನೆ, 52 ಪೌಂಡಿನ ಗಟ್ಟಿಂಗ್. ಹತ್ತರಲ್ಲಿ ನಾಲ್ಕು ಚೆಂಡು ನೆಟ್ ದಾಟುತ್ತಿವೆ.

ಹೀಗಾಗಿ, ಫೆಡರರ್ ಸಹಿಯ ಬ್ಯಾಟೊಂದು ಮಾರಾಟಕ್ಕಿದೆ. ಫ್ರೇಮಿನ ಅಂಚಿನಲ್ಲಿ ಬಣ್ಣ ಅಲ್ಲಲ್ಲಿ ಎದ್ದಿದೆ. ತಂತಿಯ ನಡುಭಾಗ ಮಾತ್ರ ಹೊಚ್ಚಹೊಸದು, ಅಲ್ಲಿಗೆ ಇನ್ನೂ ಚೆಂಡೇ ತಾಗಿಲ್ಲ. ಬೆಲೆಯನ್ನು ಬಂದವರ ಕಿವಿಯಲ್ಲಿ ಹೇಳುತ್ತೇನೆ.